ಕಂಟಿಂಜೆನ್ಸಿ ರಿಪೋರ್ಟ್ ಖಾಲಿ ಬಂತು ಅಂತ ನಂಬಿ ಸಹಿ ಹಾಕಬೇಡಿ

ತುಮಕೂರಿನಲ್ಲಿ ಸೋಲಾರ್ ಪ್ಲಾಂಟ್‌ಗಳಿಗೆ ಲೋಡ್ ಫ್ಲೋ ಸ್ಟಡಿ, ಅಂದರೆ ಯಾವ ಲೈನ್‌ನಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಅನ್ನುವ ಲೆಕ್ಕ, ಮಾಡಿಕೊಡುವ ಕೆಲಸ ನನ್ನದು. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್‌ಗೆ ಬಂದು ನಿಂತ ಮೇಲೆ ಈ ಕಡೆ ಚಿಕ್ಕ ಚಿಕ್ಕ ಪ್ಲಾಂಟ್‌ನವರೂ ಜಮೀನು ಹುಡುಕಿಕೊಂಡು ಬರುತ್ತಿದ್ದಾರೆ, ನಮಗೂ ಕೆಲಸ ಜಾಸ್ತಿ. ಅಂಥದ್ದೇ ಒಂದು 20 ಮೆಗಾವ್ಯಾಟ್ ಪ್ಲಾಂಟ್‌ನ ಸ್ಟಡಿಯಲ್ಲಿ ನಾನು ಮಾಡಿದ ತಪ್ಪು ಇದು. ಈ ಲೆಕ್ಕದ ಸಾಫ್ಟ್‌ವೇರ್ ಪಿಎಸ್‌ಎಸ್‌ಇ ಬಳಸುವವರು, ಅದರಲ್ಲೂ ಈಗಷ್ಟೇ ಕೆಲಸಕ್ಕೆ ಸೇರಿದವರು, ದಯವಿಟ್ಟು ಪೂರ್ತಿ ಓದಿ.

ಪ್ಲಾಂಟ್ ಸೇರಬೇಕಿದ್ದದ್ದು ಒಂದು 66 ಕೆವಿ ಸ್ಟೇಷನ್‌ಗೆ. ಅಲ್ಲಿಂದ ಹೊರಗೆ ಎರಡೇ ಲೈನ್. ಒಂದು ನಮ್ಮ ಜಿಲ್ಲೆಯ 220 ಕೆವಿ ಸ್ಟೇಷನ್‌ಗೆ ಹೋಗುತ್ತದೆ, ಇನ್ನೊಂದು ಗಡಿ ದಾಟಿ ಚಿತ್ರದುರ್ಗದ ಕಡೆಗೆ. ಮಳೆ ಬಿದ್ದು ಪಂಪ್‌ಸೆಟ್‌ಗಳೆಲ್ಲ ನಿಂತ ಮಧ್ಯಾಹ್ನ, ಬಿಸಿಲು ಮಾತ್ರ ಚೆನ್ನಾಗಿದೆ ಅಂತಿಟ್ಟುಕೊಳ್ಳಿ. ಊರಿನ ಲೋಡ್ ಕಡಿಮೆ, ಹಳೆಯ ಪ್ಲಾಂಟ್‌ಗಳದ್ದೂ ಹೊಸದರದ್ದೂ ಸೇರಿ ಸುಮಾರು 40 ಮೆಗಾವ್ಯಾಟ್ ಈ ಎರಡು ಲೈನ್‌ಗಳಲ್ಲೇ ಹೊರಗೆ ಹೋಗಬೇಕು. ಎರಡೂ ಚಾಲೂ ಇದ್ದರೆ ತೊಂದರೆಯಿಲ್ಲ. ಒಂದು ಟ್ರಿಪ್ ಆದರೆ? ಅದನ್ನು ನೋಡುವುದಕ್ಕೇ ಅಲ್ವಾ ಎನ್-1 ಸ್ಟಡಿ ಇರುವುದು. ಹಾಗೆ ಒಂದೊಂದನ್ನೇ ಟ್ರಿಪ್ ಮಾಡಿ ನೋಡುವ ಪ್ರತಿ ಸಂದರ್ಭಕ್ಕೂ ಕಂಟಿಂಜೆನ್ಸಿ ಅಂತ ಹೆಸರು.

ನಾನು ರನ್ ಮಾಡಿದೆ. ಓವರ್‌ಲೋಡ್ ಒಂದೂ ಇಲ್ಲ. 220 ಕೆವಿ ಬಸ್‌ಗಳ (ಸ್ಟೇಷನ್‌ನಲ್ಲಿ ಲೈನ್‌ಗಳು ಕೂಡುವ ಜಾಗ) ವೋಲ್ಟೇಜ್ ಎಲ್ಲ ಮಿತಿಯಾದ 198ರಿಂದ 245 ಕೆವಿ ಒಳಗೇ ಇದೆ. ನಿಟ್ಟುಸಿರು ಬಿಟ್ಟು ರಿಪೋರ್ಟ್ ಕಳಿಸಿದೆ.

ನಾಲ್ಕು ದಿನ ಬಿಟ್ಟು ರಿಪೋರ್ಟ್ ನೋಡುವ ಹಿರಿಯ ಇಂಜಿನಿಯರ್ ಕರೆಸಿದರು. ಮೇಜಿನ ಮೇಲೆ ಸಿಂಗಲ್ ಲೈನ್ ಡಯಾಗ್ರಾಂ ಹಾಸಿಕೊಂಡಿದ್ದರು, ಮಡಿಕೆ ಬಿದ್ದ ಕಡೆಯೆಲ್ಲ ಸೆಲ್ಲೋಟೇಪ್ ಅಂಟಿಸಿದ ಹಳೆಯ ಹಾಳೆ. ಚಿತ್ರದುರ್ಗದ ಕಡೆ ಹೋಗುವ ಲೈನ್ ಮೇಲೆ ಪೆನ್ಸಿಲ್ ಇಟ್ಟು, "ಇದನ್ನ ಟ್ರಿಪ್ ಮಾಡಿದ್ದೀಯೇನಮ್ಮ?" ಅಂದರು.

"ಎಲ್ಲಾ ಲೈನ್ ಮಾಡಿದ್ದೀನಿ ಸರ್."

"ಹಂಗಾದ್ರೆ ಲಿಸ್ಟಲ್ಲಿ ತೋರಿಸು."

ಇನ್ನೂರಕ್ಕೂ ಹೆಚ್ಚು ಕಂಟಿಂಜೆನ್ಸಿಗಳ ಪಟ್ಟಿ. ಎರಡು ಸಲ ಮೇಲಿಂದ ಕೆಳಗೆ ಹುಡುಕಿದೆ. ಆ ಲೈನ್ ಇರಲಿಲ್ಲ.

ಆಗಿದ್ದಿಷ್ಟು. ಯಾವ ಪ್ರದೇಶ ಅಂತ ಹೇಳುವ ಸಬ್ ಫೈಲ್‌ನಲ್ಲಿ ನಾನು ತುಮಕೂರು ಝೋನ್ ಒಂದನ್ನೇ ಸಬ್‌ಸಿಸ್ಟಂ ಅಂತ ಕೊಟ್ಟಿದ್ದೆ. ಏನೇನು ಟ್ರಿಪ್ ಮಾಡಬೇಕು ಅಂತ ಹೇಳುವ ಕಾನ್ ಫೈಲ್‌ನಲ್ಲಿ ಇದ್ದದ್ದು 'ಸಿಂಗಲ್ ಬ್ರಾಂಚ್ ಇನ್ ಸಬ್‌ಸಿಸ್ಟಂ' ಅನ್ನುವ ಒಂದೇ ಸಾಲು. ಈ ಸಾಲು ಎರಡೂ ತುದಿ ಸಬ್‌ಸಿಸ್ಟಂ ಒಳಗೇ ಇರುವ ಲೈನ್‌ಗಳನ್ನು ಮಾತ್ರ ತೆಗೆಯುತ್ತದೆ. ಒಂದು ತುದಿ ಹೊರಗಿದ್ದರೆ ಅದು ಟೈ ಲೈನ್, ಅದಕ್ಕೆ 'ಸಿಂಗಲ್ ಟೈ ಫ್ರಂ ಸಬ್‌ಸಿಸ್ಟಂ' ಅಂತ ಬೇರೆಯೇ ಸಾಲು ಬರೆಯಬೇಕು. ಯಾವುದರ ಮೇಲೆ ಕಣ್ಣಿಡಬೇಕು ಅಂತ ಹೇಳುವ ಮಾನ್ ಫೈಲ್‌ನದ್ದೂ ಇದೇ ಕಥೆ, ಬ್ರಾಂಚ್‌ಗಳನ್ನು ಮಾನಿಟರ್ ಮಾಡು ಅಂದರೆ ಟೈಗಳು ಅದರಲ್ಲಿ ಬರುವುದಿಲ್ಲ. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ, ನಾನು ಕೇಳಿದ್ದನ್ನಷ್ಟೇ ಮಾಡಿದೆ. ನನ್ನ ಸ್ಟಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೈನೇ ಗಡಿಯ ಮೇಲಿತ್ತು.

ಅವತ್ತು ಸಂಜೆಯೇ ಟೈ ಸಾಲುಗಳನ್ನು ಸೇರಿಸಿ ಮತ್ತೆ ರನ್ ಕೊಟ್ಟೆ. ಅದೇ ಖಾಲಿ ರಿಪೋರ್ಟ್! ಸದ್ಯ, ಲೈನ್ ಬಿಟ್ಟಿದ್ದರೂ ತೊಂದರೆಯಿರಲಿಲ್ಲ ಅಂದುಕೊಂಡು ಸರ್‌ಗೆ ಫೋನ್ ಮಾಡಲು ಹೊರಟಿದ್ದೆ. ಯಾಕೋ ಫೈಲ್‌ಗಳ ಟೈಮ್ ನೋಡಿದೆ. ಈ ಫೈಲ್‌ಗಳಿಂದ ಕಟ್ಟುವ, ರನ್ ಓದಿಕೊಳ್ಳುವ ಡಿಫ್ಯಾಕ್ಸ್ ಫೈಲ್ ಹೋದ ವಾರದ್ದು. ಸಬ್, ಮಾನ್, ಕಾನ್ ಮೂರರಲ್ಲಿ ಯಾವುದನ್ನು ತಿದ್ದಿದರೂ ಡಿಫ್ಯಾಕ್ಸ್ ಫೈಲನ್ನು ಹೊಸದಾಗಿ ಕಟ್ಟಬೇಕು, ಇಲ್ಲದಿದ್ದರೆ ರನ್ ಆಗುವುದು ಹಳೆಯ ಪಟ್ಟಿಯೇ. ಆ ಫೋನ್ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಹೊಸದಾಗಿ ಕಟ್ಟಿ ಓಡಿಸಿದೆ. ಈ ಸಲ ಕಂಟಿಂಜೆನ್ಸಿ ಪಟ್ಟಿಗೆ ಬಂತು, ಓವರ್‌ಲೋಡ್ ಮಾತ್ರ ಇಲ್ಲ. ಉಳಿದದ್ದು ಒಂದೇ ಲೈನ್, ಅದರ ಮೇಲೆ 40 ಮೆಗಾವ್ಯಾಟ್, ಆದರೂ ಓವರ್‌ಲೋಡ್ ಇಲ್ಲ ಅಂದರೆ ಹೇಗೆ ನಂಬುವುದು? ಕಂಡಕ್ಟರ್ 300 ಆಂಪಿಯರ್ ತಡೆಯುತ್ತದೆ ಅಂತ ಲೆಕ್ಕ ಹಾಕಿದರೆ 66 ಕೆವಿಯಲ್ಲಿ ಅದು 34 ಎಂವಿಎ, ಅಂದರೆ ಹೆಚ್ಚೆಂದರೆ 34 ಮೆಗಾವ್ಯಾಟ್, ಅಷ್ಟೇ. ಬ್ರಾಂಚ್ ಡೇಟಾ ತೆಗೆದು ನೋಡಿದೆ. ಲೈನ್‌ನ ಮಿತಿ ಬರೆಯುವ ಕಾಲಂಗಳಿವೆ: ರೇಟ್ ಎ ಕಾಲಂನಲ್ಲಿ ಸರಿಯಾಗಿ 34 ಇತ್ತು, ರೇಟ್ ಬಿ ಕಾಲಂನಲ್ಲಿ ಸೊನ್ನೆ. ನಾನು ಕಂಟಿಂಜೆನ್ಸಿಗೆ ಆರಿಸಿದ್ದು ರೇಟ್ ಬಿ. ಸೊನ್ನೆ ಇದ್ದರೆ ಆ ಲೈನ್‌ಗೆ ಮಿತಿಯೇ ಇಲ್ಲ ಅಂತ ಅರ್ಥ, ಚೆಕ್ ಮಾಡದೆ ಸುಮ್ನೆ ಬಿಟ್ಟುಬಿಡುತ್ತದೆ. ಅಂಥ ಸೊನ್ನೆಗಳು ಆ ಕೇಸ್‌ನಲ್ಲಿ ಇನ್ನೂ ಹನ್ನೊಂದು ಇದ್ದವು. ತುಂಬಿಸಿ ರನ್ ಮಾಡಿದ ಮೇಲೆ ನಿಜ ಹೊರಗೆ ಬಂತು: ಉಳಿದ ಲೈನ್ ಮೇಲೆ ಮಿತಿಯ 117 ಶೇಕಡಾ ಹೊರೆ.

ಕನ್ವರ್ಜ್ ಆಗದ ಕಂಟಿಂಜೆನ್ಸಿಗಳನ್ನೂ ಬಿಡಬೇಡಿ. ಲೆಕ್ಕ ಮುಗಿಯದಿದ್ದರೆ ಅದರ ಓವರ್‌ಲೋಡ್ ಪಟ್ಟಿಗೆ ಬರುವುದಿಲ್ಲ, ಬೇರೆ ಕಡೆ ಒಂದು ಸಾಲಿನಲ್ಲಿ ಹೆಸರು ಇರುತ್ತದೆ ಅಷ್ಟೇ. ಅಲ್ಲಿ ನಿಜವಾಗಿಯೂ ವೋಲ್ಟೇಜ್ ಕುಸಿಯುತ್ತಿರಬಹುದು. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಲಾಕ್ ಆಗಿದೆಯಾ, ಯಾವುದಾದರೂ ಸ್ಟೇಷನ್ ಸ್ವಿಂಗ್ ಬಸ್ (ಲೆಕ್ಕದಲ್ಲಿ ವಿದ್ಯುತ್ತಿನ ಹೆಚ್ಚುಕಮ್ಮಿ ಸರಿತೂಗಿಸುವ ಬಸ್) ಇಲ್ಲದೆ ಒಂಟಿಯಾಗಿ ಉಳಿದಿದೆಯಾ ಅಂತ ಒಂದೊಂದನ್ನೂ ಕೈಯಲ್ಲಿ ಬಿಡಿಸಿ ನೋಡಿ.

ಒಂದು 66 ಕೆವಿ ಲೈನ್‌ಗೆ ಇಷ್ಟೊಂದು ಯಾಕೆ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಕೇಳಿದರು. 2012ರ ಜುಲೈ 30ರಂದು ಉತ್ತರ ಭಾರತದ ಗ್ರಿಡ್ ಬಿದ್ದದ್ದು ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆದ ಮೇಲೆ. ಅದರ ಜೋಡಿ ಲೈನ್ ಮೊದಲೇ ಬಂದ್ ಆಗಿತ್ತು. ನಮ್ಮದು ಅಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಮಿತಿ ಮೀರಿ ಕಾದ ತಂತಿ ಜೋಲುತ್ತದೆ, ಅದರ ಕೆಳಗೆ ಶೇಂಗಾ ಹೊಲದಲ್ಲಿ ಜನ ಕೆಲಸ ಮಾಡುತ್ತಿರುತ್ತಾರೆ.

ಪ್ಲಾಂಟ್‌ನವರಿಗೆ ವಿಷಯ ಹೇಳುವ ದಿನ ನನಗೆ ಕಷ್ಟವಾಯಿತು. ಸಾಲದ ಕಾಗದ ಎಲ್ಲ ತಯಾರಾಗಿತ್ತು ಅವರದ್ದು. ಕೊನೆಗೆ 12 ಮೆಗಾವ್ಯಾಟ್‌ಗೆ ಇಳಿಸಿಕೊಂಡರು, ಮೂರು ವಾರ ತಡವಾಯಿತು. ನಾನು ಈಗ ರಿಪೋರ್ಟ್ ಬರೆಯುವ ಮೊದಲು ಡಯಾಗ್ರಾಂ ಪ್ರಿಂಟ್ ತೆಗೆದು, ಕಂಟಿಂಜೆನ್ಸಿ ಪಟ್ಟಿಯಲ್ಲಿ ಸಿಕ್ಕ ಪ್ರತಿ ಲೈನ್ ಮೇಲೂ ಪೆನ್ಸಿಲ್ ಗೆರೆ ಹಾಕುತ್ತೇನೆ. ಗೆರೆ ಬೀಳದ ಲೈನ್ ಒಂದಿದ್ದರೂ ಮುಂದೆ ಹೋಗುವುದಿಲ್ಲ.

ಇನ್ನೊಂದು ಮಾತು. ಆ ಕಾನ್ ಫೈಲನ್ನು ನಾನು ಒಂದೂವರೆ ವರ್ಷದಿಂದ ಪ್ರತಿ ಸ್ಟಡಿಗೂ ಕಾಪಿ ಮಾಡಿಕೊಂಡು ಬಂದಿದ್ದೆ. ಶಿರಾ ಕಡೆಯ ಕೆಲಸಕ್ಕೆ ಅಂತ ನನ್ನಿಂದ ತೆಗೆದುಕೊಂಡವರು ಇಬ್ಬರಿದ್ದಾರೆ, ಒಬ್ಬರ ನಂಬರ್ ಸಿಗುತ್ತಿಲ್ಲ. ಇದನ್ನು ಓದುತ್ತಿದ್ದರೆ ಇವತ್ತೇ ಆ ಫೈಲ್ ತೆಗೆಯಿರಿ, ಟೈ ಸಾಲು ಅದರಲ್ಲಿ ಇಲ್ಲ.