ಫುಜೈರಾ ಒಂದು ದಿನದ ಪ್ಯಾಕೇಜ್: ಬಿದಿಯಾ ಮಸೀದಿಗೆ ಬರೀ ಹದಿನೈದು ನಿಮಿಷವೇ?

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ವಿಸಿಟ್ ವೀಸಾದಲ್ಲಿ ದುಬೈಗೆ ಹೋಗುವವರಿಗೆ ಅಲ್ಲಿರುವ ಮಕ್ಕಳು ತಪ್ಪದೆ ಮಾಡಿಸುವ ಬುಕಿಂಗ್ ಎಂದರೆ ದುಬೈನ ದೇರಾದಿಂದ ಹೊರಡುವ, ಯುಎಇಯ ಪೂರ್ವ ಕರಾವಳಿಯ ಫುಜೈರಾದ ಪ್ಯಾಕೇಜ್. ನೋಡಲೇಬೇಕಾದ ಜಾಗವೇನೋ ಹೌದು, ಆದರೆ ಹೆಚ್ಚಿನ ಪ್ಯಾಕೇಜುಗಳ ಸಮಯ ಹಂಚಿಕೆ ಮಾತ್ರ ತಲೆಕೆಳಗು: ಅಲ್ಲಿನ ಹಳೆಯ ಬಿದಿಯಾ ಮಸೀದಿಗೆ ಹದಿನೈದೇ ನಿಮಿಷ.

ದಾರಿಯಲ್ಲಿ ಮಸಾಫಿ ಎಂಬ ಊರಿನ ಶುಕ್ರವಾರದ ಸಂತೆಯಲ್ಲಿ ಗಾಡಿ ಮುಕ್ಕಾಲು ಗಂಟೆ ನಿಲ್ಲುತ್ತದೆ. ಹೆಸರಿಗೆ ಶುಕ್ರವಾರ, ವಾರವಿಡೀ ತೆರೆದೇ ಇರುತ್ತದೆ. ಜಮಖಾನೆ, ಹಣ್ಣು, ಮಡಕೆ. ಹೇಳಿದ ರೇಟಿಗೆ ಕೊಳ್ಳಬೇಡಿ, ಹತ್ತು ನಿಮಿಷ ಧಾರಾಳ ಸಾಕು. ಖೋರ್‌ಫಕ್ಕಾನ್‌ನ ಕೃತಕ ಜಲಪಾತಕ್ಕೆ ಇನ್ನೊಂದು ನಿಲುಗಡೆ. ಅದು ಶಾರ್ಜಾಕ್ಕೆ ಸೇರಿದ ಊರು. ನಮ್ಮ ಮಳೆಗಾಲ ಕಂಡವರು ಅಲ್ಲಿ ಗಾಡಿಯಿಂದ ಇಳಿಯದಿದ್ದರೂ ನಷ್ಟವಿಲ್ಲ.

ಉಳಿಸಿದ ಸಮಯವನ್ನು ಪೂರ್ತಿ ಬಿದಿಯಾ ಮಸೀದಿಗೆ ಕೊಡಿ. ಫುಜೈರಾ ಪಟ್ಟಣದಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ಕಟ್ಟಿದ್ದು 1446ರ ಸುಮಾರಿಗೆ ಎಂಬುದು 1997-98ರ ಪುರಾತತ್ವ ಪರೀಕ್ಷೆಯ ಲೆಕ್ಕ. ಒಟ್ಟು ವಿಸ್ತೀರ್ಣ 53 ಚದರ ಮೀಟರ್, ಅಂದರೆ 570 ಚದರ ಅಡಿ. ಮಿನಾರ್ ಇಲ್ಲ. ಕಲ್ಲು, ಮಣ್ಣಿನ ಗೋಡೆ, ಮೇಲೆ ಗಾರೆ. ಮಾಡಿಗೆ ಮರದ ತೊಲೆ ಇಲ್ಲ. ಬದಲಿಗೆ ನಾಲ್ಕು ಗುಮ್ಮಟ, ಒಂದರ ಅಳತೆ ಇನ್ನೊಂದಕ್ಕಿಲ್ಲ, ಪ್ರತಿಯೊಂದೂ ತಟ್ಟೆಗಳನ್ನು ಕವುಚಿ ಪೇರಿಸಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುತ್ತದೆ. ಒಳಗೆ ನಟ್ಟನಡುವೆ ಒಂದೇ ಕಂಬ. ನಾಲ್ಕೂ ಗುಮ್ಮಟಗಳ ಭಾರ ಅಲ್ಲಿಗೇ ಬಂದು ಸೇರುತ್ತದೆ, ಒಳಗಿನ ಜಾಗವೂ ಅದರಿಂದಲೇ ನಾಲ್ಕು ಚೌಕಗಳಾಗುತ್ತದೆ. ಕಂಬದ ಬುಡದಲ್ಲಿ ನಿಂತು ಕತ್ತೆತ್ತಿದರೆ ಕಮಾನುಗಳು ಹೇಗೆ ಹೊರಟಿವೆ ಎಂದು ತಿಳಿಯುತ್ತದೆ. ದಪ್ಪ ಗೋಡೆಯಲ್ಲೇ ಕುರಾನ್ ಇಡುವ ಸಣ್ಣ ಗೂಡುಗಳುಂಟು. ಹಿಂದಿನ ಗುಡ್ಡದ ಮೇಲೆ ಎರಡು ಕಾವಲು ಬುರುಜುಗಳು. ಹತ್ತಲು ಹೆಚ್ಚು ಹೊತ್ತು ಬೇಡ, ಒಂದು ಬದಿ ಕಡಲು, ಇನ್ನೊಂದು ಬದಿ ಹಜರ್ ಬೆಟ್ಟ.

ಇಲ್ಲಿ ಈಗಲೂ ನಮಾಜು ನಡೆಯುತ್ತದೆ, ಆ ಹೊತ್ತಿಗೆ ಪ್ರವಾಸಿಗರು ಹೊರಗೇ ನಿಲ್ಲಬೇಕು. ಮಧ್ಯಾಹ್ನ ತಲುಪುವ ಪ್ಯಾಕೇಜುಗಳು ಎಡವುವುದು ಇಲ್ಲೇ. ಬೆಳಿಗ್ಗೆ ಹೋದರೆ ಕಡಲ ಕಡೆಯ ಬಿಸಿಲು ಗೋಡೆಯ ಮೇಲೆ ಬೀಳುತ್ತದೆ. ಸಂಜೆ ಸೂರ್ಯ ಬೇಗನೆ ಬೆಟ್ಟದ ಹಿಂದೆ ಸರಿಯುತ್ತಾನೆ, ಫೋಟೋ ಮಂಕು. ತಲೆವಸ್ತ್ರ, ಮೈ ಮುಚ್ಚುವ ಬಟ್ಟೆ ಬೇಕು.

ಫುಜೈರಾ ಕೋಟೆಗೆ ಬೇಕಲವನ್ನು ತಲೆಯಲ್ಲಿಟ್ಟುಕೊಂಡು ಹೋಗಬೇಡಿ. ನಮ್ಮದು ಸುಮಾರು 40 ಎಕರೆಯ ಕೆಂಪುಕಲ್ಲಿನ ಕೋಟೆ. ಅದು ಬಂಡೆಯೊಂದರ ಮೇಲಿನ 16ನೇ ಶತಮಾನದ ಮಣ್ಣು-ಕಲ್ಲಿನ ಕಟ್ಟಡ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. 1925ರಲ್ಲಿ ಬ್ರಿಟಿಷರ ಹಡಗಿನ ತೋಪಿಗೆ ಮೂರು ಬುರುಜುಗಳು ಬಿದ್ದಿದ್ದವು. ಈಗ ಕಾಣುವುದರಲ್ಲಿ ದುರಸ್ತಿಯ ಪಾಲು ದೊಡ್ಡದು. ಈ ವಿಷಯ ಗೈಡ್ ಹೇಳದಿದ್ದರೆ ನೀವೇ ಕೇಳಿ. ಪಟ್ಟಣದ ದೊಡ್ಡ ಶೇಖ್ ಝಾಯೆದ್ ಮಸೀದಿ ಬಿಳಿಯಾಗಿ ಚಂದ ಉಂಟು, ದಾರಿಯಿಂದ ನೋಡಿದರೂ ಆಗುತ್ತದೆ.

ವಾದಿ ವುರಯ್ಯಾ ಎಂಬ ಬೆಟ್ಟದ ಕಣಿವೆಯ ಹಸಿರು ನೀರಿನ ಚಿತ್ರ ತೋರಿಸಿದರೆ ಹಣ ಕೊಡುವ ಮೊದಲು ಪ್ರವೇಶ ಉಂಟೋ ಎಂದು ವಿಚಾರಿಸಿ. ಸಂರಕ್ಷಣೆಗಾಗಿ ಅದನ್ನು 2013ರಲ್ಲೇ ಜನರಿಗೆ ಮುಚ್ಚಿದ್ದರು. ಫುಜೈರಾದಲ್ಲಿ ಚಳಿಗಾಲದ ಶುಕ್ರವಾರ ಸಂಜೆ ನಡೆಯುವ ಗೂಳಿ ಕಾಳಗ ಪ್ಯಾಕೇಜಿನಲ್ಲಿ ಇರುವುದಿಲ್ಲ. ಕಂಬಳದ ಹುಚ್ಚಿದ್ದವರಿಗೆ ಇಷ್ಟವಾದೀತು: ಕೊಂಬಿಗೆ ಕೊಂಬು ಕೊಟ್ಟು ತಳ್ಳುತ್ತವೆ, ಹಿಂದೆ ಸರಿದದ್ದು ಸೋತಿತು, ಕೊಲ್ಲುವುದಿಲ್ಲ.

ನಾಲ್ಕು ಜನ ಇದ್ದರೆ ಪ್ಯಾಕೇಜ್ ಬಿಟ್ಟು ಬಾಡಿಗೆ ಕಾರೇ ಲೇಸು. ಹೋಗುವಾಗ ಮಸಾಫಿ, ದಿಬ್ಬಾ, ಬಿದಿಯಾ. ಅಲ್ಲಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ ಕೋಟೆ. ವಾಪಸು ಬರಲು 2011ರಲ್ಲಿ ತೆರೆದ ಶೇಖ್ ಖಲೀಫಾ ಹೆದ್ದಾರಿ. ದುಬೈನ ಯೂನಿಯನ್ ನಿಲ್ದಾಣದಿಂದ ಇ700 ಬಸ್ಸೂ ಉಂಟು, ಆದರೆ ಅದು ಫುಜೈರಾ ಪಟ್ಟಣದವರೆಗೆ. ಬಿದಿಯಾಕ್ಕೆ ಅಲ್ಲಿಂದ ಟ್ಯಾಕ್ಸಿಯೇ ಗತಿ, ಹೋಗಿಬರುವ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಂಡು ಗಾಡಿಯನ್ನು ಅಲ್ಲೇ ಕಾಯಲು ಹೇಳಿ.