ಹನಿ ಬಿಟ್ಟರೆ ಕಣ್ಣು ಬರುವ ಸಿನಿಮಾ

ನನ್ನ ತಂಗಿಗೆ ಕಣ್ಣು ಕಾಣಿಸುವುದಿಲ್ಲ. ಸಿನಿಮಾ ಅಂದರೆ ಮಾತ್ರ ಪ್ರಾಣ. ನಾನು ಪಕ್ಕದಲ್ಲಿ ಕೂತು ‘ಈಗ ಓಡಿದ, ಈಗ ಬಿದ್ದ’ ಅಂತ ಹೇಳುತ್ತಾ ಇರಬೇಕು. ಹಾಡು ಬಂದಾಗ ಬಾಯಿ ಮುಚ್ಚಿಕೊಂಡಿರಬೇಕು.

ಹೋದ ಭಾನುವಾರ ಅವಳು, ನನ್ನ ಎಂಟು ವರ್ಷದ ಮಗ, ನಾನು ಕೂತು ‘ಸ್ರೆಚ್ನೊ, ಕೆಕೆಟ್ಸ್!’ ನೋಡಿದೆವು. ‘ಒಳ್ಳೇದಾಗಲಿ, ಕೆಕೆಟ್ಸ್’ ಅಂತ ಅರ್ಥ. 1963ರ ಸ್ಲೊವೀನ್ (ಯುರೋಪಿನ ಸ್ಲೊವೇನಿಯಾದ ಭಾಷೆ) ಸಿನಿಮಾ, ಆ ಭಾಷೆಯ ಮೊದಲ ಬಣ್ಣದ ಕಥಾಚಿತ್ರ. ನಿರ್ದೇಶಕ ಯೋಜೆ ಗಾಲೆ. ಕೆಕೆಟ್ಸ್ ಅನ್ನುವ ದನ ಕಾಯುವ ಹುಡುಗನನ್ನು ಹುಟ್ಟುಹಾಕಿದವರು ಲೇಖಕ ಯೋಸಿಪ್ ವಂದೋತ್. ಆಲ್ಪ್ಸ್ ಬೆಟ್ಟದ ಕ್ರಾನ್‌ಸ್ಕಾ ಗೋರಾದವರು.

ಕಥೆ ಇಷ್ಟೇ. ರೋಜ್ಲೆ ಅಂತ ಒಬ್ಬ ಪುಕ್ಕಲು ಹುಡುಗ. ಅವನ ತಂಗಿ ಮೊಯ್ತ್ಸಾಗೆ ಕಣ್ಣಿಲ್ಲ. ಕಾಡಿನಲ್ಲಿ ಒಂಟಿಯಾಗಿರುವ ಪೆಹ್ತಾ ಅನ್ನುವ ಹೆಂಗಸು ಅವಳನ್ನು ಒಯ್ದುಬಿಡುತ್ತಾಳೆ. ಕೆಕೆಟ್ಸ್ ಹೋಗಿ ಬಿಡಿಸುತ್ತಾನೆ. ಪೆಹ್ತಾ ಹತ್ತಿರವೇ ಇದ್ದ ಮದ್ದಿನ ಹನಿಯಿಂದ ಹುಡುಗಿಗೆ ಕಣ್ಣು ಬರುತ್ತದೆ.

‘ಮೊಯ್ತ್ಸಾ ಈಗ ಏನ್ಮಾಡ್ತಿದಾಳೆ ಅಕ್ಕ?’ ತಂಗಿ ಮತ್ತೆ ಮತ್ತೆ ಕೇಳಿದಳು. ನನ್ನ ಹತ್ತಿರ ಹೇಳುವುದಕ್ಕೆ ಜಾಸ್ತಿ ಇರಲೇ ಇಲ್ಲ. ಯಾರೋ ಒಯ್ದರು, ಯಾರೋ ಕರೆತಂದರು. ಕಣ್ಣಿಲ್ಲದ ಹುಡುಗಿಗೆ ಕಾಡಿನ ಸದ್ದು, ವಾಸನೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿರುತ್ತದೆ ಅಲ್ವಾ? ಆ ಜಾಣತನದಿಂದ ಒಂದು ಸಲವಾದರೂ ಕೆಕೆಟ್ಸ್‌ಗೆ ದಾರಿ ತೋರಿಸಿದ್ದರೆ ಸಿನಿಮಾದ ಗತ್ತೇ ಬೇರೆ ಆಗುತ್ತಿತ್ತು. ನಮ್ಮವಳು ಮೆಟ್ಟಿಲ ಸಪ್ಪಳ ಕೇಳಿಯೇ ಬಂದವರು ಯಾರು ಅಂತ ಹೇಳುತ್ತಾಳೆ.

ಪೆಹ್ತಾ ವಿಷಯ ಇನ್ನೂ ಕುತೂಹಲದ್ದು. ನಟಿ ರುಶಾ ಬೊಯ್ಟ್ಸ್ ಆ ಪಾತ್ರವೇ ಆಗಿಬಿಟ್ಟಿದ್ದಾರೆ. ಆಲ್ಪ್ಸ್ ಕಡೆಯ ಜನಪದ ಕಥೆಗಳಲ್ಲಿ ಪೆಹ್ತ್ರಾ ಅಂತ ಒಬ್ಬಳು ಚಳಿಗಾಲದ ಮುದುಕಿ ಇದ್ದಾಳೆ. ಈ ಹೆಸರು ಬಂದದ್ದು ಅಲ್ಲಿಂದ. ಸಿನಿಮಾದ ಪೆಹ್ತಾ ಸೊಪ್ಪು, ಬೇರು ಬಲ್ಲವಳು, ಗಂಡ ಮಕ್ಕಳಿಲ್ಲದವಳು, ಊರಾಚೆ ಇರುವವಳು. ಅಷ್ಟಕ್ಕೇ ಮಾಟಗಾತಿ. ಕಣ್ಣಿನ ಮದ್ದು ಇರುವುದು ಇವಳೊಬ್ಬಳ ಹತ್ತಿರವೇ ಆದರೂ ಹೊಗಳಿಕೆ ಪೂರಾ ಹುಡುಗನಿಗೆ! ನಮ್ಮ ಅಜ್ಜಿಯ ಊರಿನ ಸೂಲಗಿತ್ತಿ ನೆನಪಾದಳು. ಹೆರಿಗೆಗೆ ಅವಳೇ ಬೇಕು, ಮದುವೆ ಚಪ್ಪರದೊಳಗೆ ಬೇಡ.

ರೋಜ್ಲೆ ಮಾತ್ರ ನನಗೆ ಬಹಳ ಇಷ್ಟವಾದ. ಹೆದರುವ ಗಂಡುಹುಡುಗನನ್ನು ತೆರೆಯ ಮೇಲೆ ಇಷ್ಟು ಹೊತ್ತು ಬಿಟ್ಟಿದ್ದಾರಲ್ಲ, ಅದೇ ಸಂತೋಷ. ಅವನು ಹೆದರಿದಾಗೆಲ್ಲ ನಗಿಸಲು ನೋಡುತ್ತಾರೆ, ಅದು ಬೇಕಿರಲಿಲ್ಲ. ಕೆಕೆಟ್ಸ್ ಆಗಿರುವ ವೆಲಿಮಿರ್ ಗ್ಯುರಿನ್ ಮುಖದಲ್ಲಿ ಸಾಕಷ್ಟು ತುಂಟತನ ಇದೆ.

ಇನ್ನೊಂದು ಮಾತು. ಸ್ಲೊವೇನಿಯಾದ ಜನಸಂಖ್ಯೆ ಇವತ್ತಿಗೂ ಸುಮಾರು 20 ಲಕ್ಷ. ಆಗ ಅದು ಯುಗೊಸ್ಲಾವಿಯಾದ ಒಂದು ಭಾಗ. ಅಷ್ಟು ಚಿಕ್ಕ ಭಾಷೆಯ ಮಕ್ಕಳಿಗೆ ತಮ್ಮದೇ ಮಾತಾಡುವ, ತಮ್ಮದೇ ಬೆಟ್ಟ ಹತ್ತುವ ನಾಯಕ ಸಿಕ್ಕಿದ. ಆ ಲೆಕ್ಕದಲ್ಲಿ ಈ ಸಿನಿಮಾಗೆ ಪೂರ್ತಿ ಅಂಕ. ಅಂದ ಹಾಗೆ, ಆ ಭಾಷೆಯಲ್ಲಿ ಸಂಸ್ಕೃತದ ಹಾಗೆ ದ್ವಿವಚನ, ಅಂದರೆ ಇಬ್ಬರಿಗೆ ಅಂತಲೇ ಬೇರೆ ರೂಪ, ಇನ್ನೂ ಬಳಕೆಯಲ್ಲಿದೆ. ಹೈಸ್ಕೂಲಿನಲ್ಲಿ ‘ರಾಮಃ ರಾಮೌ ರಾಮಾಃ’ ಬಾಯಿಪಾಠ ಮಾಡಿದ ನಮಗೆ ಸುಮ್ನೆ ಒಂದು ಖುಷಿ.

ಮಕ್ಕಳಿಗೆ ತೋರಿಸಿ. ಇಂಗ್ಲಿಷ್ ಸಬ್‌ಟೈಟಲ್ ನೀವೇ ಓದಿ ಹೇಳಬೇಕಾಗುತ್ತದೆ. ನೋಡಿ ಮುಗಿದ ಮೇಲೆ ಮಾತಿಗೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ, ಯಾಕೆಂದರೆ ನನ್ನ ಮಗ ಕೊನೆಗೆ ಕೇಳಿದ್ದು ಇದು: ‘ಚಿಕ್ಕಿ, ನಿಂಗೂ ಆ ಹನಿ ತರೋಣ್ವಾ?’

ನನ್ನ ಎದೆ ಧಸಕ್ಕೆಂದಿತು. ಚಿಕ್ಕವಳಿದ್ದಾಗ ಯಾರೋ ಹೇಳಿದರು ಅಂತ ಅವಳ ಕಣ್ಣಿಗೆ ಸೊಪ್ಪಿನ ರಸ ಹಿಂಡಿಸಿದ್ದರು. ಎರಡು ದಿನ ಉರಿಯಿಂದ ಅತ್ತಿದ್ದಳು.

ತಂಗಿ ನಕ್ಕಳು. ‘ತಾರೋ. ಮೊದ್ಲು ನಿನ್ ಕಣ್ಣಿಗೆ ಒಂದು ತೊಟ್ಟು ಬಿಟ್ಕೊಂಡು ನೋಡು. ಈಗ ಆ ಹಾಡು ಇನ್ನೊಂದ್ಸಲ ಹಾಕು.’