ಸ್ಟ್ರಾಟ್ ಮಾದರಿಯ ಅಗ್ಗದ ಎಲೆಕ್ಟ್ರಿಕ್ ಗಿಟಾರ್: ಮುಂಬಯಿಯ ಹಲವು ಮಳೆಗಾಲಗಳ ಬಳಿಕ

ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳೂ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳು) ಟ್ರೆಮೊಲೊ ಬ್ರಿಡ್ಜೂ (ತಂತಿಗಳ ಬಿಗಿತವನ್ನು ಸನ್ನೆಯಿಂದ ಅಲುಗಿಸುವ ಆಧಾರ) ಇರುವ, ಫೆಂಡರ್ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್ ಇದು. ಡೊಂಬಿವಲಿಯ ಮನೆಯಲ್ಲಿ ಅಭ್ಯಾಸಕ್ಕೂ, ಮಾಟುಂಗ ಮತ್ತು ವಾಶಿ ಕಡೆಯ ಕನ್ನಡ ಕಾರ್ಯಕ್ರಮಗಳಲ್ಲಿ ಭಾವಗೀತೆಗಳ ಪಕ್ಕವಾದ್ಯವಾಗಿಯೂ ಇದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ; ಈ ಬೆಲೆಯ ಗಿಟಾರ್‌ಗಳಲ್ಲಿ ಕಾಣುವ ದೋಷಗಳು ಬಹುಮಟ್ಟಿಗೆ ಒಂದೇ ಬಗೆಯವು.

ಇದರ ಮುಖ್ಯ ದೋಷವನ್ನು ತೋರಿಸಿಕೊಟ್ಟದ್ದು ಹಾರ್ಮೋನಿಯಂ. ಹಾಡಿನ ನಡುವೆ ಅದರ ಶ್ರುತಿಯನ್ನು ತಿದ್ದಲಾಗದ ಕಾರಣ ಗಿಟಾರ್‌ನ ತಪ್ಪು ಮರೆಯಾಗಲು ಅವಕಾಶವೇ ಇಲ್ಲ. ತೆರೆದ ತಂತಿಗಳೆಲ್ಲ ಟ್ಯೂನರ್‌ನಲ್ಲಿ ಸರಿಯಾಗಿದ್ದರೂ ಮೊದಲ ಎರಡು ಫ್ರೆಟ್‌ಗಳಲ್ಲಿ (ನೆಕ್ ಎಂಬ ಉದ್ದ ಹಿಡಿಯ ಮೇಲಿನ ಅಡ್ಡ ಲೋಹಪಟ್ಟಿಗಳಲ್ಲಿ) ಒತ್ತಿದ ಸ್ವರಗಳು ಏರುತ್ತಿದ್ದವು. ತಂತಿಗಳನ್ನು ಬಿಗಿಯುವ ಟ್ಯೂನಿಂಗ್ ಕೀಗಳನ್ನೇ ಬದಲಿಸಬೇಕೆಂದು ಅಂಗಡಿಯೊಂದರಲ್ಲಿ ಸಲಹೆ ಬಂತು. ಆದರೆ ಗಾಯಕಿಯ ಶ್ರುತಿಗಾಗಿ ಎರಡನೆಯ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿದಾಗ ಅಪಸ್ವರ ಮಾಯವಾಗುತ್ತಿತ್ತು. ಕೀಗಳ ತಪ್ಪಾಗಿದ್ದರೆ ಹಾಗಾಗುತ್ತಿರಲಿಲ್ಲ. ಕೇಪೋ ಹಾಕಿದೊಡನೆ, ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ನಟ್ ಎಂಬ ಪಟ್ಟಿಯ ಕೆಲಸ ಮುಗಿಯುತ್ತದೆ. ಆದ್ದರಿಂದ ದೋಷವೂ ಅಲ್ಲಿಯೇ ಇರಬೇಕು. ನಟ್‌ನ ತೋಡುಗಳು ಸಾಕಷ್ಟು ಆಳವಾಗಿರದಿದ್ದರೆ ತಂತಿಯನ್ನು ಹೆಚ್ಚು ದೂರ ಒತ್ತಬೇಕಾಗುತ್ತದೆ, ಬಿಗಿತ ಹೆಚ್ಚುತ್ತದೆ, ಸ್ವರ ಏರುತ್ತದೆ. ಮೂರನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ನೋಡಿದರೆ ಕೂದಲೆಳೆಯಷ್ಟು ಸಂದು ಕಾಣಬೇಕು. ನನ್ನದರಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರುತ್ತಿತ್ತು. ಈ ಒಂದು ಕೆಲಸವನ್ನು ಬಲ್ಲವರಿಂದಲೇ ಮಾಡಿಸಿದೆ, ಏಕೆಂದರೆ ತೋಡು ಅತಿಯಾಗಿ ಆಳವಾದರೆ ತೆರೆದ ತಂತಿ ಮೊದಲ ಫ್ರೆಟ್‌ಗೆ ತಾಗಿ ಗರಗರ ಎನ್ನುತ್ತದೆ, ಹೆಚ್ಚಾಗಿ ಹೊಸ ನಟ್ ಕೂರಿಸುವುದೇ ಉಳಿದ ದಾರಿಯಾಗುತ್ತದೆ.

ಉಳಿದದ್ದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು, ಆದರೆ ಕ್ರಮ ತಪ್ಪಬಾರದು. ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಮೊದಲು ನೆಕ್‌ನ ಬಾಗು, ಅನಂತರ ತಂತಿಯ ಎತ್ತರ, ಕೊನೆಗೆ ಇಂಟೊನೇಷನ್ (ಒತ್ತಿದ ಸ್ವರಗಳೂ ಶ್ರುತಿಗೆ ಕೂರುವಂತೆ ತಂತಿಯ ಉದ್ದ ಹೊಂದಿಸುವುದು). ಮೊದಲನೆಯದು ಬದಲಾದರೆ ಮುಂದಿನವೆಲ್ಲ ಬದಲಾಗುವುದರಿಂದ ಈ ಕ್ರಮ. ನಾಗದೇವಿ ಬೀದಿಯ ಉಪಕರಣದ ಅಂಗಡಿಗಳಲ್ಲಿ ಸಿಗುವ, ಬೈಕ್ ಮೆಕ್ಯಾನಿಕ್‌ಗಳು ಬಳಸುವ ತೆಳು ಲೋಹದ ಪಟ್ಟಿಗಳಿಂದ ಸಂದು ಅಳೆಯುವ ಫೀಲರ್ ಗೇಜೇ ಇದಕ್ಕೆ ಸಾಕು. ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ದಪ್ಪ ಇ ತಂತಿಯನ್ನು ನೆಕ್ ದೇಹಕ್ಕೆ ಸೇರುವಲ್ಲಿ ಒತ್ತಿ, ಎಂಟನೆಯ ಫ್ರೆಟ್‌ನ ಬಳಿ ಸಂದನ್ನು ಅಳೆಯಬೇಕು. ಫೆಂಡರ್ ಕಂಪನಿ ತನ್ನ 9.5 ರಿಂದ 12 ಇಂಚು ರೇಡಿಯಸ್ಸಿನ (ಫ್ರೆಟ್‌ಗಳಿರುವ ಮೇಲ್ಮೈಯ ಉಬ್ಬಿನ ಅಳತೆ) ನೆಕ್‌ಗಳಿಗೆ ಸೂಚಿಸುವುದು ಸುಮಾರು 0.25 ಮಿಲಿಮೀಟರ್, 17ನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ 1.6 ಮಿಲಿಮೀಟರ್. ನೆಕ್‌ನ ಒಳಗಿದ್ದು ಅದರ ಬಾಗನ್ನು ಹೊಂದಿಸುವ ಟ್ರಸ್ ರಾಡನ್ನು ಒಂದು ಬಾರಿಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿ ಬಾರಿಯೂ ಶ್ರುತಿ ಮಾಡಿ ಮತ್ತೆ ಅಳೆಯಬೇಕು. ಇಂಟೊನೇಷನ್‌ಗೆ 12ನೆಯ ಫ್ರೆಟ್‌ನ ಹಾರ್ಮೋನಿಕ್‌ಗೂ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದ ಸ್ವರ) ಅಲ್ಲಿಯೇ ಒತ್ತಿ ಮೀಟಿದ ಸ್ವರಕ್ಕೂ ಹೋಲಿಕೆ: ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಳೆಯ ತಂತಿಯ ಮೇಲೆ ಈ ಕೆಲಸಕ್ಕೆ ಕೈಹಾಕುವುದು ವ್ಯರ್ಥ.

ಮಳೆಗಾಲದಲ್ಲಿ ಈ ನೆಕ್ ಅಲುಗುತ್ತದೆ. ಜೂನ್‌ನಲ್ಲಿ ರಾಡ್ ಸಡಿಲಿಸಿ, ಅಕ್ಟೋಬರ್‌ನಲ್ಲಿ ಬಿಗಿಗೊಳಿಸಿ ಎಂಬಂಥ ಸಿದ್ಧಸೂತ್ರಗಳನ್ನು ನಾನು ನಂಬುವುದಿಲ್ಲ, ಏಕೆಂದರೆ ತೇವಕ್ಕೆ ಮರ ಯಾವ ಕಡೆಗೆ ಬಾಗುತ್ತದೆ ಎಂಬುದು ಒಂದೊಂದು ನೆಕ್‌ಗೆ ಒಂದೊಂದು ರೀತಿ. ಅಳೆದ ನಂತರವೇ ರಾಡ್ ತಿರುಗಿಸುವ ಅಲೆನ್ ಕೀ ಎತ್ತಿಕೊಳ್ಳಬೇಕು. ಲೋಕಲ್ ರೈಲಿನ ಸೆಕೆಯಿಂದ ನೇರವಾಗಿ ಎಸಿ ಸಭಾಂಗಣಕ್ಕೆ ಬಂದ ಗಿಟಾರ್ ತಣಿಯುವವರೆಗೆ ಶ್ರುತಿ ನಿಲ್ಲದು. ಅದು ದೋಷವಲ್ಲ, ಕಾಯಬೇಕಷ್ಟೆ. ಕಡಲ ಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಲೇಪವುಳ್ಳ ತಂತಿಗೆ ಕೊಡುವ ಹೆಚ್ಚಿನ ಬೆಲೆ ಈ ಊರಿನಲ್ಲಿ ದುಂದಲ್ಲ.

ಟ್ರೆಮೊಲೊ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು: ಭಾವಗೀತೆಗೆ ಅದರಿಂದ ಉಪಯೋಗವಿಲ್ಲ, ಶ್ರುತಿಗೆ ಮಾತ್ರ ಅಪಾಯ. ದೇಹಕ್ಕೆ ಒರಗದೆ ಸ್ಪ್ರಿಂಗ್‌ಗಳ ಬಲದಲ್ಲಿ ತೇಲುವ ಬ್ರಿಡ್ಜ್‌ನಲ್ಲಿ ಒಂದು ತಂತಿ ತುಂಡಾದರೆ ಉಳಿದ ಐದೂ ಏರುತ್ತವೆ. 9ರ ಗೇಜಿನ ತಂತಿಗಳಿಂದ ಇನ್ನೂ ದಪ್ಪವಾದ 10ರ ಗೇಜಿಗೆ ಹೋದರೆ ಹೆಚ್ಚಿದ ಎಳೆತಕ್ಕೆ ಬ್ರಿಡ್ಜ್ ಮೇಲೇಳುತ್ತದೆ, ನೆಕ್ ಇನ್ನಷ್ಟು ಬಾಗುತ್ತದೆ, ಬಳಸುವವರು ಗಿಟಾರ್ ಕೆಟ್ಟಿತೆಂದುಕೊಳ್ಳುತ್ತಾರೆ. ಹಿಂಬದಿಯಲ್ಲಿ ಐದು ಸ್ಪ್ರಿಂಗ್‌ಗಳನ್ನೂ ಹಾಕಿ, ಅವುಗಳನ್ನು ಹಿಡಿದ ಕ್ಲಾದ ಸ್ಕ್ರೂಗಳನ್ನು ಬಿಗಿದು, ಬ್ರಿಡ್ಜ್ ದೇಹಕ್ಕೆ ಒರಗುವಂತೆ ಮಾಡಿಕೊಂಡಿದ್ದೇನೆ. ಹಾಗೆ ಮಾಡಿದಾಗ ತಂತಿಗಳು ಕೆಳಗಿಳಿಯುವುದರಿಂದ ಸ್ಯಾಡಲ್‌ಗಳನ್ನು ಮತ್ತೆ ಎತ್ತಬೇಕಾಯಿತು.

ವಿದ್ಯುತ್ ಭಾಗದ ದೂರು ಸಣ್ಣದು. ಸಿಂಗಲ್ ಕಾಯಿಲ್‌ಗೆ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ಸಹಜ. ತಂತಿ ಮುಟ್ಟಿದಾಗ ಅದು ತಗ್ಗಿದರೆ ಸಾಮಾನ್ಯವಾಗಿ ಗ್ರೌಂಡ್ ವೈರ್ ಸರಿಯಾಗಿದೆಯೆಂದೇ ಅರ್ಥ. ವಾಲ್ಯೂಮ್ ಗುಂಡಿಯ ಚರಚರ ಸದ್ದು ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಯಿತು. ದಪ್ಪ ಇ ತಂತಿಯಲ್ಲಿ ದೇಹದ ಕಡೆಯ ಫ್ರೆಟ್‌ಗಳಲ್ಲಿ ಸ್ವರ ಅಲೆಯಂತೆ ನಡುಗುತ್ತಿದ್ದುದಕ್ಕೆ ಕಾರಣ ಪಿಕಪ್‌ನ ಅಯಸ್ಕಾಂತ ತಂತಿಗೆ ತೀರ ಹತ್ತಿರವಿದ್ದದ್ದು. ಪಿಕಪ್ ಇಳಿಸಿದೆ, ನಿಂತಿತು.

ಈಗ ಉಳಿದಿರುವುದು ಫ್ರೆಟ್‌ಗಳ ಸವೆತ. ಮೊದಲ ಮೂರು ಫ್ರೆಟ್‌ಗಳಲ್ಲಿ ಬಿ ಮತ್ತು ಜಿ ತಂತಿಗಳ ಕೆಳಗೆ ಹಳ್ಳ ಬಿದ್ದಿದ್ದು, ಅಲ್ಲಿಂದ ಬರುವ ಗರಗರ ಸದ್ದನ್ನು ನೆಕ್‌ನ ಬಾಗಿನಿಂದಾಗಲಿ ತಂತಿಯ ಎತ್ತರದಿಂದಾಗಲಿ ಪೂರ್ತಿ ಮರೆಮಾಚಲಾಗುತ್ತಿಲ್ಲ. ಫ್ರೆಟ್‌ಗಳನ್ನು ಮಟ್ಟ ಮಾಡಿಸಲು ಒಂದು ಬಾರಿ ಖರ್ಚು ಮಾಡುತ್ತೇನೆ. ಎಲ್ಲ ಫ್ರೆಟ್‌ಗಳನ್ನೂ ಬದಲಿಸುವ ಹಂತ ಬಂದರೆ ಈ ಬೆಲೆಯ ಗಿಟಾರ್‌ಗೆ ಆ ಖರ್ಚು ತಕ್ಕುದಲ್ಲ.